ಮೂರನೆಯ ಉಮೇದುವಾರ

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂದು ನಮ್ಮಲ್ಲಿ ಒಂದು ಗಾದೆಯಿದೆ. ಸಂತೆಯಲ್ಲಿ, ಹೊಲದ ಬದುವಿನ ತಂಟೆಯಲ್ಲಿ, ಕೋರ್ಟಿನ ಕಟ್ಟೆಯ ಮೇಲೆ ಈ ಮಾತು ನಿಜವಾಗಿರಬಹುದು. ಚುನಾವಣೆಯ ಕಣದಲ್ಲಿ ಮಾತ್ರ ಅದು ತಿರುಗುಮುರುಗಾಗುತ್ತದೆ. ಅಲ್ಲಿ ಇಬ್ಬರು ಬಲಾಢ್ಯರು ಸೆಣಸುವಾಗ ನಡುವೆ ನಿಂತ ಮೂರನೆಯವನು ಸಾಮಾನ್ಯವಾಗಿ ಠೇವಣಿಯನ್ನೂ ಕಳೆದುಕೊಂಡು ಮನೆಗೆ ಹೋಗುತ್ತಾನೆ. ಲಾಭವೇನಾದರೂ ಆದರೆ ಅದು ಆ ಇಬ್ಬರಲ್ಲೊಬ್ಬನಿಗೆ. ಆದುದರಿಂದಲೇ ಊರ ಹಿರಿಯರು ಮೊದಲ ಸಲ ಮತ ಹಾಕಲು ಹೊರಟ ಹುಡುಗನಿಗೆ ಹೇಳುವ ಬುದ್ಧಿಮಾತು ಒಂದೇ: “ಗೆಲ್ಲಾಂವಗ ಹಾಕಪಾ, ಓಟು ಕೆಡಸಬ್ಯಾಡ.”

ಈ ಬುದ್ಧಿಮಾತು ಎಷ್ಟರ ಮಟ್ಟಿಗೆ ಸರಿ? ಸೋಲುವವನಿಗೆ ಹಾಕಿದ ಮತ ಹಾಳಾದ ಮತವೆ? ಕೇಳಲು ಸಣ್ಣದಾಗಿ ಕಂಡರೂ ಇದು ಪ್ರಜಾಪ್ರಭುತ್ವದ ಬುಡಕ್ಕೆ ಸಂಬಂಧಿಸಿದ ಪ್ರಶ್ನೆ. ಹದಿನೆಂಟು ತುಂಬಿದ ಮಗನಿಗೋ ಮಗಳಿಗೋ ಇದಕ್ಕೆ ಉತ್ತರ ಹೇಳಬೇಕಾದವರು ನಾವು. ಆ ಉತ್ತರವನ್ನು ಇತಿಹಾಸದಲ್ಲಿ ಹುಡುಕಿ ನೋಡುವುದು ಈ ಭಾಷಣದ ಉದ್ದೇಶ.

ಬಾಗಲಕೋಟೆಯ ಸೀಮೆಯಲ್ಲಿ ಬಹುಕಾಲ ರಾಜ್ಯಶಾಸ್ತ್ರ ಕಲಿಸಿದವನು ನಾನು. ಪದವಿ ತರಗತಿಗಳಲ್ಲಿ ಬೇರೆ ಬೇರೆ ದೇಶಗಳ ಸರಕಾರಗಳನ್ನು ಹೋಲಿಸಿ ನೋಡುವ ಪಾಠಗಳಲ್ಲಿ ಅಮೆರಿಕ ಬಂದೇ ಬರುತ್ತದೆ. ಅಲ್ಲಿಯದು ದ್ವಿಪಕ್ಷ ಪದ್ಧತಿ, ಮೂರನೆಯ ಪಕ್ಷಗಳಿಗೂ ಪಕ್ಷೇತರರಿಗೂ ಅಲ್ಲಿ ಹೇಳಿಕೊಳ್ಳುವಂಥ ಸ್ಥಾನವಿಲ್ಲ ಎಂದು ಪಠ್ಯಪುಸ್ತಕ ಎರಡು ಸಾಲಿನಲ್ಲಿ ಆ ವಿಷಯವನ್ನು ಮುಗಿಸಿಬಿಡುತ್ತದೆ. ಅದನ್ನು ಓದಿ ಹೇಳಿದಾಗ ಬಾದಾಮಿ, ಹುನಗುಂದ, ಇಳಕಲ್ಲುಗಳಿಂದ ಬಸ್ಸು ಹಿಡಿದು ಬರುವ ಹುಡುಗರಲ್ಲಿ ಒಬ್ಬನಾದರೂ ಎದ್ದು ನಿಂತು ಕೇಳುತ್ತಿದ್ದ: “ಸರ್, ಸೋಲತೀವಿ ಅಂತ ಗೊತ್ತಿದ್ದೂ ಅವರು ಯಾಕ ನಿಲ್ಲತಾರರಿ?” ಅಮೆರಿಕದ ಪಾಠದಲ್ಲಿ ಹುಟ್ಟಿದ ಈ ಪ್ರಶ್ನೆಗೆ ಉತ್ತರದ ಸಾಮಗ್ರಿ ಆ ಹುಡುಗರ ಊರುಗಳ ಸುತ್ತಮುತ್ತಲೇ ಇತ್ತು. ಆದರೆ ಅದನ್ನು ಹೆಕ್ಕುವ ಮುನ್ನ ಅಮೆರಿಕವನ್ನೇ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಅಲ್ಲಿಯೂ ಇಲ್ಲಿಯೂ ಆಟದ ಮೂಲ ನಿಯಮ ಒಂದೇ. ಒಂದು ಕ್ಷೇತ್ರಕ್ಕೆ ಒಬ್ಬ ಪ್ರತಿನಿಧಿ. ಉಳಿದವರೆಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನು ಗೆದ್ದ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ಕಟ್ಟಳೆಯಿಲ್ಲ; ಎರಡನೆಯವನಿಗೂ ಮೂರನೆಯವನಿಗೂ ಏನೂ ದಕ್ಕುವುದಿಲ್ಲ. ಇಂಥ ನಿಯಮವಿದ್ದಲ್ಲಿ ಮತದಾರನು ಗೆಲ್ಲುವಂತೆ ಕಾಣುವ ಇಬ್ಬರ ಕಡೆಗೇ ವಾಲುತ್ತಾನೆ, ಕಾಲಕ್ರಮದಲ್ಲಿ ಎರಡೇ ಪಕ್ಷಗಳು ಉಳಿಯುತ್ತವೆ ಎಂಬ ವಾದವನ್ನು ಫ್ರಾನ್ಸಿನ ವಿದ್ವಾಂಸ ಮೋರಿಸ್ ದ್ಯುವೆರ್ಜೆ ೧೯೫೧ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮಂಡಿಸಿದ. ನಮ್ಮ ಹಿರಿಯರ “ಓಟು ಕೆಡಸಬ್ಯಾಡ” ಎಂಬ ಮಾತಿನ ಶಾಸ್ತ್ರೀಯ ರೂಪವೇ ಇದು. ಅಮೆರಿಕದಲ್ಲಿ ಅಧ್ಯಕ್ಷನ ಆಯ್ಕೆಗೆ ಇನ್ನೊಂದು ಬಿಗಿಯೂ ಇದೆ. ಜನ ಆರಿಸುವುದು ರಾಜ್ಯವಾರು ಪ್ರತಿನಿಧಿಗಳನ್ನು, ಆ ಪ್ರತಿನಿಧಿಗಳು ಅಧ್ಯಕ್ಷನನ್ನು ಆರಿಸುತ್ತಾರೆ. ಮೇನ್ ಮತ್ತು ನೆಬ್ರಾಸ್ಕ ಎಂಬ ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಡೆ ರಾಜ್ಯದಲ್ಲಿ ಮೊದಲು ಬಂದವನಿಗೆ ಅಲ್ಲಿಯ ಪ್ರತಿನಿಧಿಗಳೆಲ್ಲರೂ ಸೇರುತ್ತಾರೆ. ೧೯೯೨ರಲ್ಲಿ ರಾಸ್ ಪೆರೋ ಎಂಬ ಪಕ್ಷೇತರ ಉದ್ಯಮಿ ನೂರಕ್ಕೆ ಸುಮಾರು ೧೯ರಷ್ಟು, ಅಂದರೆ ಒಂದು ಕೋಟಿ ತೊಂಬತ್ತು ಲಕ್ಷಕ್ಕೂ ಮಿಕ್ಕಿ ಮತ ಪಡೆದ. ಅವನಿಗೆ ಸಿಕ್ಕ ಪ್ರತಿನಿಧಿಗಳು ಸೊನ್ನೆ! ಅವನಿಗಿಂತ ಕಡಿಮೆ, ನೂರಕ್ಕೆ ಹದಿಮೂರುವರೆಯಷ್ಟೇ ಮತ ಪಡೆದ ಜಾರ್ಜ್ ವಾಲೆಸ್ ೧೯೬೮ರಲ್ಲಿ ೪೬ ಪ್ರತಿನಿಧಿಗಳನ್ನು ಗೆದ್ದಿದ್ದ. ಪೆರೋನ ಮತ ದೇಶದ ತುಂಬ ಚದುರಿತ್ತು; ವಾಲೆಸನ ಮತ ದಕ್ಷಿಣದ ಐದು ರಾಜ್ಯಗಳಲ್ಲಿ ಗಟ್ಟಿಯಾಗಿ ಕೂಡಿತ್ತು. ವಾಲೆಸ್ ನಿಂತದ್ದು ಕರಿಯರನ್ನು ಬೇರೆಯಾಗಿಡುವ ವರ್ಣಭೇದದ ಪರವಾಗಿ ಎಂಬುದನ್ನೂ ಮರೆಯಬಾರದು. ಮೂರನೆಯವನೆಂದ ಮಾತ್ರಕ್ಕೆ ಅವನು ಸಜ್ಜನನೆಂದು ಭಾವಿಸಬೇಕಾಗಿಲ್ಲ.

ಹೀಗಿದ್ದರೂ ಅಮೆರಿಕದ ಇತಿಹಾಸದಲ್ಲಿ ಮೂರನೆಯವರು ಮೂರು ಬಗೆಯ ಕೆಲಸ ಮಾಡಿದ್ದಾರೆ.

ಒಂದನೆಯದು, ಇಬ್ಬರ ನಡುವಿನ ತಕ್ಕಡಿಯನ್ನು ಅಲುಗಿಸುವುದು. ೧೯೧೨ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ತನ್ನದೇ ರಿಪಬ್ಲಿಕನ್ ಪಕ್ಷವನ್ನು ಬಿಟ್ಟು ಪ್ರಗತಿಪರ ಪಕ್ಷ ಕಟ್ಟಿ ನಿಂತ. ಅಧಿಕಾರದಲ್ಲಿದ್ದ ಟಾಫ್ಟನಿಗಿಂತ ಹೆಚ್ಚು ಮತ ಪಡೆದು ಎರಡನೆಯವನಾದ. ಆದರೆ ಇಬ್ಬರೂ ಒಂದೇ ಮನೆಯ ಮತ ಹಂಚಿಕೊಂಡದ್ದರಿಂದ ನೂರಕ್ಕೆ ೪೨ರಷ್ಟೂ ಇಲ್ಲದ ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್ ಅಧ್ಯಕ್ಷನಾದ. ೨೦೦೦ದಲ್ಲಿ ಫ್ಲಾರಿಡ ರಾಜ್ಯದಲ್ಲಿ ಬುಷ್ ಮತ್ತು ಗೋರ್ ನಡುವಿನ ಅಂತರ ಕೇವಲ ೫೩೭. ಅಲ್ಲಿ ಹಸಿರು ಪಕ್ಷದ ರಾಲ್ಫ್ ನೇಡರನಿಗೆ ಬಿದ್ದ ಮತ ೯೭ ಸಾವಿರಕ್ಕೂ ಹೆಚ್ಚು. ಎರಡನೆಯದು, ದೊಡ್ಡವರು ಮುಟ್ಟಲು ಅಂಜುವ ವಿಷಯವನ್ನು ಎತ್ತಿ ಆಡುವುದು. ೧೮೯೨ರಲ್ಲಿ ರೈತರೇ ಹೆಚ್ಚಾಗಿದ್ದ ಪಾಪ್ಯುಲಿಸ್ಟ್ ಪಕ್ಷ ಆದಾಯ ಹೆಚ್ಚಿದಂತೆ ತೆರಿಗೆ ಹೆಚ್ಚಬೇಕು, ಸೆನೆಟರುಗಳನ್ನು ಜನರೇ ನೇರವಾಗಿ ಆರಿಸಬೇಕು ಎಂದು ಕೇಳಿತು. ಆ ವರ್ಷ ಅದು ಸೋತಿತು, ಮುಂದೆ ಕರಗಿಯೂ ಹೋಯಿತು. ಆದರೆ ೧೯೧೩ರಲ್ಲಿ ಆದಾಯತೆರಿಗೆಯೂ ಸೆನೆಟಿನ ನೇರ ಚುನಾವಣೆಯೂ ಅಮೆರಿಕದ ಸಂವಿಧಾನವನ್ನು ಸೇರಿದವು. ಮೂರನೆಯದು, ಬಹು ಅಪರೂಪಕ್ಕೆ, ಮೂರನೆಯವನೇ ದೊಡ್ಡವನಾಗುವುದು. ಇಂದಿನ ರಿಪಬ್ಲಿಕನ್ ಪಕ್ಷ ೧೮೫೪ರಲ್ಲಿ ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಿ ಹುಟ್ಟಿದ ಹೊಸ ಪಕ್ಷ. ಆರೇ ವರ್ಷದಲ್ಲಿ ಅದು ಲಿಂಕನ್ನನನ್ನು ಅಧ್ಯಕ್ಷನನ್ನಾಗಿ ಮಾಡಿತು.

ತಕ್ಕಡಿ ಅಲುಗಿಸುವುದು, ಮಾತು ಎತ್ತುವುದು, ಜಾಗ ಹಿಡಿಯುವುದು ಎಂಬ ಈ ಮೂರು ಕೆಲಸಗಳನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ನೆಲಕ್ಕೆ ಬರೋಣ.

ನಿಯಮ ಒಂದೇ ಎಂದೆನಷ್ಟೆ. ಆದರೆ ನಮ್ಮಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಅಮೆರಿಕದ ಆ ಇಬ್ಬರು ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಅವರೇ ಇಬ್ಬರು. ನಮ್ಮಲ್ಲಿ ಇಬ್ಬರು ಯಾರೆಂಬುದು ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ರಾಜ್ಯದ ಲೆಕ್ಕದಲ್ಲಿ ಸಣ್ಣದಾದ ಪಕ್ಷ ಒಂದು ತಾಲೂಕಿನಲ್ಲಿ ದೊಡ್ಡದಾಗಿರಬಹುದು. ಎಲ್ಲಿಯೂ ಇಲ್ಲದ ಪಕ್ಷೇತರನು ತನ್ನ ಊರಲ್ಲಿ ಎಲ್ಲರಿಗಿಂತ ಎತ್ತರದವನಾಗಿರಬಹುದು.

೧೯೫೭ರ ಚುನಾವಣೆಯನ್ನು ನೋಡಿರಿ. ಅಂದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಲ್ಲ. ೧೯೯೭ರವರೆಗೂ ಅದು ವಿಜಾಪುರ ಜಿಲ್ಲೆಯ ಭಾಗವಾಗಿತ್ತು. ಅಂದಿನ ಮತದಾರನು ಕಾಗದದ ಮೇಲೆ ಗುರುತು ಒತ್ತುತ್ತಿರಲಿಲ್ಲ. ಉಮೇದುವಾರನಿಗೊಂದರಂತೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮರೆಯೊಳಗೆ ಹೋಗಿ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವುದು. ಕಾಂಗ್ರೆಸ್ಸಿನ ಜೋಡೆತ್ತಿನ ಪೆಟ್ಟಿಗೆ ಎಷ್ಟು ದೊಡ್ಡದೋ ಯಾರ ಬೆಂಬಲವೂ ಇಲ್ಲದ ಪಕ್ಷೇತರನ ಪೆಟ್ಟಿಗೆಯೂ ಅಷ್ಟೇ ದೊಡ್ಡದು. ಹಾಗೆ ಸಾಲಾಗಿ ನಿಂತ ಪೆಟ್ಟಿಗೆಗಳಲ್ಲಿ ವಿಜಾಪುರ ಉತ್ತರ ಲೋಕಸಭಾ ಕ್ಷೇತ್ರದ ಮತದಾರರು ಪಕ್ಷೇತರರಾದ ಮುರಿಗೆಪ್ಪ ಸಿದ್ದಪ್ಪ ಸುಗಂಧಿಯವರನ್ನು ಆರಿಸಿದರು. ಇದಕ್ಕೂ ಐದು ವರ್ಷ ಮೊದಲು, ೧೯೫೨ರಲ್ಲಿ, ಇಳಕಲ್ಲಿನ ಆಚೆಗೆ ಅಂದಿನ ಹೈದರಾಬಾದ್ ರಾಜ್ಯದಲ್ಲಿದ್ದ ಕುಷ್ಟಗಿ ಕ್ಷೇತ್ರದಿಂದ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಪಕ್ಷೇತರರಾಗಿ ಲೋಕಸಭೆಗೆ ಹೋಗಿದ್ದರು. ರಜಾಕಾರರ ಕಾಲದಲ್ಲಿ ಮುಂಡರಗಿ ಶಿಬಿರದ ನಾಯಕತ್ವ ವಹಿಸಿದ್ದ ಅವರನ್ನು ಜನಕ್ಕೆ ಪರಿಚಯಿಸಲು ಪಕ್ಷದ ಚೀಟಿ ಬೇಕಾಗಿರಲಿಲ್ಲ.

ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಸಾರ್ವತ್ರಿಕ ಚುನಾವಣೆಗಳಲ್ಲಿ ಕರ್ನಾಟಕದಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದವರು ಸುಗಂಧಿಯವರಲ್ಲದೆ ಇನ್ನಿಬ್ಬರೇ. ಒಬ್ಬರು ೧೯೬೭ರಲ್ಲಿ ಕೆನರಾ ಕ್ಷೇತ್ರದಿಂದ ಗೆದ್ದ ದಿನಕರ ದೇಸಾಯಿಯವರು. ಅವರನ್ನು ನಾವು ಚುಟುಕಗಳ ಕವಿಯೆಂದು ಬಲ್ಲೆವು. ಉತ್ತರ ಕನ್ನಡದ ರೈತರು ಅವರನ್ನು ತಮ್ಮ ಹೋರಾಟದ ಮುಂದಾಳುವೆಂದು ಬಲ್ಲರು. ಇನ್ನೊಬ್ಬರು ೨೦೧೯ರಲ್ಲಿ ಮಂಡ್ಯದಿಂದ ಗೆದ್ದ ಸುಮಲತಾ ಅಂಬರೀಶ್. ಎರಡನೆಯವರಿಗೂ ಮೂರನೆಯವರಿಗೂ ನಡುವೆ ಅರ್ಧ ಶತಮಾನಕ್ಕೂ ಮಿಕ್ಕ ಅಂತರ!

ವಿಧಾನಸಭೆಯ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ೧೯೫೭ರಲ್ಲಿ ಮೈಸೂರು ವಿಧಾನಸಭೆಯ ೨೦೮ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ೧೫೦, ಪ್ರಜಾ ಸಮಾಜವಾದಿ ಪಕ್ಷಕ್ಕೆ ೧೮, ಪಕ್ಷೇತರರಿಗೆ ೩೫. ೧೯೬೨ರಲ್ಲಿ ಕಾಂಗ್ರೆಸ್ಸಿಗೆ ೧೩೮, ಪ್ರಜಾ ಸಮಾಜವಾದಿಗಳಿಗೆ ೨೦, ಪಕ್ಷೇತರರಿಗೆ ೨೭. ೧೯೬೭ರಲ್ಲಿ ಪಕ್ಷೇತರರ ಸಂಖ್ಯೆ ೪೧ಕ್ಕೆ ಏರಿತು. ಅಂದರೆ ಮೂರು ಸಭೆಗಳ ಕಾಲ ಕಾಂಗ್ರೆಸ್ಸಿನ ನಂತರದ ದೊಡ್ಡ ಗುಂಪು ಯಾವ ಪಕ್ಷವೂ ಅಲ್ಲ; ಪಕ್ಷವಿಲ್ಲದವರೇ. ಅಮೆರಿಕದ ಪಾಠದಲ್ಲಿ ಪಕ್ಷೇತರನಿಗೆ ಅರ್ಧ ಸಾಲು ಸಾಕಾದರೆ ನಮ್ಮ ಪಾಠದಲ್ಲಿ ಅವನಿಗೊಂದು ಅಧ್ಯಾಯವೇ ಬೇಕು. ಆ ಕಾಲದ ಫಲಿತಾಂಶ ಓದುವಾಗ ಹುಡುಗರು ಒಂದು ಕಡೆ ಎಡವುತ್ತಾರೆ. ‘ಸ್ವತಂತ್ರ’ ಎಂದು ಕಂಡಲ್ಲೆಲ್ಲ ಪಕ್ಷೇತರನೆಂದು ತಿಳಿಯುತ್ತಾರೆ. ರಾಜಾಜಿಯವರು ೧೯೫೯ರಲ್ಲಿ ಕಟ್ಟಿದ ಪಕ್ಷದ ಹೆಸರೇ ಸ್ವತಂತ್ರ ಪಕ್ಷ. ೧೯೬೭ರಲ್ಲಿ ವಿಜಾಪುರದಿಂದ ಲೋಕಸಭೆಗೆ ಗೆದ್ದ ಜಿ. ಡಿ. ಪಾಟೀಲರು ಆ ಪಕ್ಷದವರು, ಪಕ್ಷೇತರರಲ್ಲ.

ಇನ್ನು ೧೯೬೨ರ ಕಥೆಗೆ ಬರೋಣ. ನಮ್ಮ ಬಾದಾಮಿ, ಹುನಗುಂದ, ಬಾಗಲಕೋಟೆಗಳು ಮೂರೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುವ ಕಥೆ ಅದು. ಅಂದು ಮುಖ್ಯಮಂತ್ರಿಯಾಗಿದ್ದವರು ಜಮಖಂಡಿಯ ಬಿ. ಡಿ. ಜತ್ತಿಯವರು. ಚುನಾವಣೆಯಲ್ಲಿ ಕಾಂಗ್ರೆಸ್ ಬಹುಮತ ಪಡೆಯಿತು. ಏಕೀಕರಣದ ಧುರೀಣರಾದ ನಿಜಲಿಂಗಪ್ಪನವರು ಮತ್ತೆ ಮುಖ್ಯಮಂತ್ರಿಯಾಗುವರೆಂದು ಅವರ ಕಡೆಯವರು ಎಣಿಸಿದ್ದರು. ಆದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರು ಅವರನ್ನು ಸೋಲಿಸಿಬಿಟ್ಟರು. ಇಡೀ ರಾಜ್ಯದಲ್ಲಿ ೨೦ ಸ್ಥಾನಗಳ ಪಕ್ಷ, ಗುಡಿಸಲಿನ ಗುರುತಿನ ಪಕ್ಷ, ರಾಜ್ಯದ ಅತ್ಯಂತ ಎತ್ತರದ ನಾಯಕನನ್ನು ಅವರ ಸ್ವಂತ ಸೀಮೆಯಲ್ಲೇ ತಡೆದು ನಿಲ್ಲಿಸಿತು.

ಆಗ ಯಾರನ್ನು ಮುಖ್ಯಮಂತ್ರಿ ಮಾಡುವುದು? ಹುಡುಕಿದ ಕಣ್ಣುಗಳು ಹುನಗುಂದದ ಮೇಲೆ ನಿಂತವು. ಬಾದಾಮಿ ತಾಲೂಕಿನ ಕೆರೂರಿನಲ್ಲಿ ಹುಟ್ಟಿ, ಹುನಗುಂದದಿಂದ ಆರಿಸಿಬಂದು, ಏಕೀಕೃತ ರಾಜ್ಯದ ವಿಧಾನಸಭೆಗೆ ಅಧ್ಯಕ್ಷರಾಗಿದ್ದ ಎಸ್. ಆರ್. ಕಂಠಿಯವರು ೧೯೬೨ರ ಮಾರ್ಚ್ ೧೪ರಂದು ಮುಖ್ಯಮಂತ್ರಿಯಾದರು. ಅತ್ತ ಬಾಗಲಕೋಟೆಯ ಶಾಸಕ ಬಿ. ಟಿ. ಮುರನಾಳರು ತಾವು ಗೆದ್ದ ಸ್ಥಾನವನ್ನು ನಿಜಲಿಂಗಪ್ಪನವರಿಗಾಗಿ ತೆರವು ಮಾಡಿಕೊಟ್ಟರು. ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಬಾಗಲಕೋಟೆಯ ಪ್ರತಿನಿಧಿಯಾಗಿ ವಿಧಾನಸಭೆಗೆ ಬಂದರು. ಜೂನ್ ತಿಂಗಳಲ್ಲಿ ಕಂಠಿಯವರು ಯಾವ ತಕರಾರೂ ಇಲ್ಲದೆ ಕುರ್ಚಿ ಬಿಟ್ಟುಕೊಟ್ಟರು. ಮುಂದೆ ಅದೇ ಸಂಪುಟದಲ್ಲಿ ಶಿಕ್ಷಣಮಂತ್ರಿಯಾಗಿ ದುಡಿದರು. ಮೂರು ತಿಂಗಳು ಕಾದು ಒಪ್ಪಿಸಿದ ಈ ರೀತಿಯನ್ನು ನೆನೆದಾಗ ರಾಮಾಯಣದ ಭರತ ಯಾರಿಗೂ ನೆನಪಾಗುತ್ತಾನೆ.

ಕಂಠಿಯವರ ನಿಸ್ಪೃಹತೆಯನ್ನೂ ಮುರನಾಳರ ತ್ಯಾಗವನ್ನೂ ನಮ್ಮ ಜಿಲ್ಲೆ ಸಹಜವಾಗಿಯೇ ಕೊಂಡಾಡುತ್ತದೆ. ಆದರೆ ಹೊಸದುರ್ಗದ ಮತದಾರನನ್ನು ಯಾರೂ ನೆನೆಯುವುದಿಲ್ಲ. ಗುಡಿಸಲಿಗೆ ಮತ ಹಾಕಿದವನಿಗೂ ಅಂದು ಯಾರೋ ಒಬ್ಬರು “ಓಟು ಕೆಡಿಸಬೇಡ, ಆ ಪಕ್ಷ ಅಧಿಕಾರಕ್ಕೆ ಬರುವುದ್ದಲ್ಲ” ಎಂದು ಹೇಳಿಯೇ ಇದ್ದಿರಬೇಕು. ಆ ಪಕ್ಷ ಅಧಿಕಾರಕ್ಕೆ ಬರಲಿಲ್ಲ, ನಿಜ. ಆದರೆ ಹುನಗುಂದಕ್ಕೆ ಮುಖ್ಯಮಂತ್ರಿಯ ಪದವಿ, ಬಾಗಲಕೋಟೆಗೆ ಮುಖ್ಯಮಂತ್ರಿಯ ಕ್ಷೇತ್ರವೆಂಬ ಹೆಸರು ಬಂದದ್ದು ಆ ಕೆಟ್ಟುಹೋಗಬೇಕಾಗಿದ್ದ ಮತಗಳಿಂದಲೇ.

ಇತಿಹಾಸ ಹೀಗೆಯೇ ಮರಳಿ ಬರುವುದಿಲ್ಲವೆನ್ನುತ್ತಾರೆ. ಆದರೂ ೨೦೧೮ರಲ್ಲಿ ಅದು ಬಹಳ ಹತ್ತಿರಕ್ಕೆ ಬಂದು ಹೋಯಿತು. ಅಂದು ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಮೈಸೂರಿನ ಚಾಮುಂಡೇಶ್ವರಿ ಕ್ಷೇತ್ರದ ಜೊತೆಗೆ ಬಾದಾಮಿಯಲ್ಲೂ ನಿಂತರು. ಚಾಮುಂಡೇಶ್ವರಿಯಲ್ಲಿ ಅವರನ್ನು ಸೋಲಿಸಿದ್ದು ರಾಜ್ಯದ ಮೂರನೆಯ ಪಕ್ಷವಾದ ಜಾತ್ಯತೀತ ಜನತಾದಳ. ಬಾದಾಮಿಯಲ್ಲಿ ಅವರು ಬಿಜೆಪಿಯ ಶ್ರೀರಾಮುಲು ಅವರಿಗಿಂತ ೧,೬೯೬ ಮತ ಹೆಚ್ಚು ಪಡೆದು ಗೆದ್ದರು. ಅಲ್ಲಿ ಮೂರನೆಯವರಾದ ಜನತಾದಳದ ಉಮೇದುವಾರರಿಗೆ ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಮತ ಬಿದ್ದಿತ್ತು. ಯಾರೂ ಬೇಡವೆಂದು ‘ನೋಟಾ’ ಗುಂಡಿ ಒತ್ತಿದವರೇ ಗೆಲುವಿನ ಅಂತರಕ್ಕಿಂತ ಹೆಚ್ಚಿದ್ದರು. ಫಲಿತಾಂಶ ಬಂದ ಮೇಲೆ ೧೦೪ ಸ್ಥಾನದವರೂ ೮೦ರ ಆಸುಪಾಸಿನವರೂ ಇದ್ದ ಸಭೆಯಲ್ಲಿ ೩೭ ಸ್ಥಾನದ ಮೂರನೆಯ ಪಕ್ಷದ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾದರು. ಶಾಸಕರ ಬೆಂಬಲದ ಮೇಲೆ ಸರಕಾರ ನಿಲ್ಲುವ ನಮ್ಮ ಪದ್ಧತಿ ಮೂರನೆಯವನಿಗೆ ಕೊಡುವ ಈ ಅವಕಾಶ ಅಮೆರಿಕದ ಪದ್ಧತಿಯಲ್ಲಿಲ್ಲ.

೨೦೨೩ರಲ್ಲಿ ಹುನಗುಂದದ ಸರದಿ. ಅಲ್ಲಿ ಕಾಂಗ್ರೆಸ್ಸಿನ ವಿಜಯಾನಂದ ಕಾಶಪ್ಪನವರು ಬಿಜೆಪಿಯ ದೊಡ್ಡನಗೌಡ ಪಾಟೀಲರನ್ನು ಸುಮಾರು ೩೦ ಸಾವಿರ ಮತಗಳಿಂದ ಸೋಲಿಸಿದರು. ಹೊಸದಾಗಿ ಹುಟ್ಟಿದ್ದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ ಎಸ್. ಆರ್. ನವಲಿ ಹಿರೇಮಠರು ಪಡೆದ ಮತ ಆ ಅಂತರಕ್ಕಿಂತ ಹೆಚ್ಚು. ಇಂಥಲ್ಲಿ ವಿದ್ಯಾರ್ಥಿಗಳು ಥಟ್ಟನೆ ಒಂದು ತೀರ್ಮಾನಕ್ಕೆ ಬರುತ್ತಾರೆ: ಮೂರನೆಯವರು ನಿಲ್ಲದಿದ್ದರೆ ಎರಡನೆಯವರು ಗೆಲ್ಲುತ್ತಿದ್ದರು ಎಂದು. ಈ ಅವಸರವನ್ನು ಅಧ್ಯಾಪಕನು ತಡೆಯಬೇಕು. ಮೂರನೆಯವನ ಮತಗಳು ಒಂದೇ ಗಂಟಿನಲ್ಲಿ ಕಟ್ಟಿಟ್ಟ ಜೋಳವಲ್ಲ, ಎತ್ತಿ ಇನ್ನೊಬ್ಬನ ಚೀಲಕ್ಕೆ ಸುರಿಯಲು. ಅವನಿಲ್ಲದಿದ್ದರೆ ಕೆಲವರು ಅತ್ತ, ಕೆಲವರು ಇತ್ತ ಹೋಗುತ್ತಿದ್ದರು. ಕೆಲವರು ಮತಗಟ್ಟೆಗೇ ಬರುತ್ತಿರಲಿಲ್ಲ. ಬಾದಾಮಿಯ, ಹುನಗುಂದದ, ಫ್ಲಾರಿಡದ ಅಂಕಿಗಳು ಒಂದು ಸಂದೇಹವನ್ನು ಎಬ್ಬಿಸುತ್ತವೆ, ಅದನ್ನು ಸಿದ್ಧಪಡಿಸುವುದಿಲ್ಲ.

ಸಣ್ಣ ಪಕ್ಷಗಳ ಆಯುಷ್ಯವೂ ಸಣ್ಣದು. ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಮರುವರ್ಷವೇ ಬಿಜೆಪಿಯಲ್ಲಿ ಸೇರಿಹೋಯಿತು. ಬಾಗಲಕೋಟೆಯಲ್ಲಿ ೧೯೯೧ರಲ್ಲಿ ರಾಮಕೃಷ್ಣ ಹೆಗಡೆಯವರು ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡರಿಗೆ ಸೋತರು. ೧೯೯೮ರಲ್ಲಿ ಅದೇ ಕ್ಷೇತ್ರದಿಂದ ಹೆಗಡೆಯವರ ಹೊಸ ಪಕ್ಷ ಲೋಕಶಕ್ತಿಯ ಅಜಯಕುಮಾರ ಸರನಾಯಕರು ಗೆದ್ದರು. ಮರುವರ್ಷದ ಚುನಾವಣೆಯಲ್ಲಿ ಕ್ಷೇತ್ರ ಮತ್ತೆ ಕಾಂಗ್ರೆಸ್ಸಿಗೆ. ಲೋಕಶಕ್ತಿಯೂ ಬಹುಕಾಲ ಬಾಳಲಿಲ್ಲ. ಪಕ್ಷ ಹೋದ ಮೇಲೆ ಏನಾದರೂ ಉಳಿಯುತ್ತದೆಯೇ ಎಂಬುದೇ ಮುಖ್ಯವಾದ ಪ್ರಶ್ನೆ.

ಉಳಿಯುತ್ತದೆ ಎಂಬುದಕ್ಕೆ ನಮ್ಮ ನಾಡಿನ ಅತ್ಯುತ್ತಮ ಸಾಕ್ಷಿ ಶಾಂತವೇರಿ ಗೋಪಾಲಗೌಡರು. ೧೯೫೧ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಸಮಾಜವಾದಿಗಳು ಅವರ ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಮರುವರ್ಷ ಮೂವತ್ತು ತುಂಬದ ಗೋಪಾಲಗೌಡರು ವಿಧಾನಸಭೆಗೆ ಗೆದ್ದರು, ೧೯೫೭ರಲ್ಲಿ ಸೋತರು, ಮತ್ತೆ ಗೆದ್ದರು. ಅವರ ಪಕ್ಷ ಒಡೆಯಿತು, ಕೂಡಿತು, ಮತ್ತೆ ಒಡೆಯಿತು, ಅಧಿಕಾರವಂತೂ ಸಿಗಲಿಲ್ಲ. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನ ಹಿಂದೆ ಈ ಜೀವದ ನೆರಳಿರುವುದನ್ನು ಓದುಗರು ಬಲ್ಲರು. ೧೯೭೨ರಲ್ಲಿ ಗೌಡರು ತೀರಿಕೊಂಡರು. ಮರುವರ್ಷ ನವೆಂಬರ್ ೧ರಂದು, ಅವರು ಸದನದಲ್ಲಿ ಹಟ ಹಿಡಿದು ಕೇಳಿದ್ದ ‘ಕರ್ನಾಟಕ’ ಎಂಬ ಹೆಸರು ರಾಜ್ಯಕ್ಕೆ ಬಂತು. ೧೯೭೪ರ ಮಾರ್ಚ್ ೧ರಿಂದ ದೇವರಾಜ ಅರಸರ ಸರಕಾರದ ಭೂಸುಧಾರಣೆ ಜಾರಿಗೆ ಬಂದು ಗೇಣಿದಾರನು ಹೊಲದ ಒಡೆಯನಾದ. ಕಾನೂನು ತಂದದ್ದು ಕಾಂಗ್ರೆಸ್; ಮಾತು ಎತ್ತಿದ್ದು ಕಾಗೋಡು. ಅಮೆರಿಕದ ಪಾಪ್ಯುಲಿಸ್ಟರ ಕಥೆಯೇ ನಮ್ಮ ಮಲೆನಾಡಿನಲ್ಲಿ ಬೇರೆ ಬಟ್ಟೆ ತೊಟ್ಟು ಬಂದಂತಿದೆ.

ಬಾದಾಮಿಯ ಪಕ್ಕದಲ್ಲೇ ಇನ್ನೊಂದು ಸಾಕ್ಷಿಯಿದೆ. ೧೯೮೦ರ ಜುಲೈಯಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳ ರೈತರು ನೀರಾವರಿ ಕರದ ವಿರುದ್ಧ ಬಂಡೆದ್ದರು, ಗೋಲಿಬಾರಾಯಿತು. ಆ ಕಿಚ್ಚಿನಿಂದ ರೈತಸಂಘ ಹುಟ್ಟಿತು. ಮೂರು ವರ್ಷ ತುಂಬುವುದರೊಳಗೆ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂತು. ೯೫ ಸ್ಥಾನ ಗೆದ್ದ ಜನತಾಪಕ್ಷಕ್ಕೆ ಆ ಸರಕಾರ ಕಟ್ಟಲು ಇತರ ಪಕ್ಷಗಳ ಜೊತೆಗೆ ಪಕ್ಷೇತರರ ಬಲವೂ ಬೇಕಾಯಿತು. ರೈತಸಂಘ ಸ್ವತಃ ಚುನಾವಣೆಯಲ್ಲಿ ಗೆದ್ದದ್ದು ಬಹಳ ಕಡಿಮೆ. ೧೯೮೯ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡರಲ್ಲೂ ಗೆದ್ದು, ಬಿಟ್ಟುಕೊಟ್ಟ ಧಾರವಾಡದಿಂದ ನಂಜುಂಡಸ್ವಾಮಿಯವರು ಬಂದರು. ಆದರೆ ಅಂದಿನಿಂದ ಹಸಿರು ಶಾಲಿನ ಮುಂದೆ ರೈತನ ಮಾತು ಆಡದೆ ಮತ ಕೇಳುವ ಧೈರ್ಯ ಯಾವ ಪಕ್ಷಕ್ಕೂ ಆಗಿಲ್ಲ.

ಈ ಪಾಠ ಹೇಳುವಾಗ ಒಮ್ಮೆ ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ಒಂದು ಹೋಲಿಕೆ ಕೊಟ್ಟಳು. “ನಮ್ಮ ಸೀರಿಯೊಳಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ ಇರತೈತ್ರಿ. ಕೊಂಡಿ ಹಾಕಿ ಕೂಡಸತಾರ. ಒಡಲು ದೊಡ್ಡದು, ಖರೆ, ಆದರ ಇಳಕಲ್ ಸೀರಿ ಅಂತ ಗುರುತು ಹಿಡಿಯೋದು ಸೆರಗು ನೋಡಿರಿ” ಎಂದಳು. ಯಾವ ಗ್ರಂಥದಲ್ಲೂ ನನಗೆ ಸಿಗದಿದ್ದ ವಿವರಣೆ ಅದು. ದೊಡ್ಡ ಪಕ್ಷದ ಬಟ್ಟೆಗೆ ಸಣ್ಣ ಪಕ್ಷದ ಎಳೆ ಕೊಂಡಿಯಾಗಿ ಸೇರಿದ ಮೇಲೆ ನೇಯ್ದವರು ಯಾರೆಂದು ಹೇಳುವುದು ಕಷ್ಟ; ಆದರೆ ಕಣ್ಣಿಗೆ ಬೀಳುವುದು ಆ ಎಳೆಯೇ.

ಹಾಗೆಂದು ಮೂರನೆಯವರನ್ನೆಲ್ಲ ಹೊಗಳುತ್ತ ಕೂಡ್ರುವಂತಿಲ್ಲ. ೧೯೮೫ರಲ್ಲಿ ಬೆಳಗಾವಿ ವಿಧಾನಸಭಾ ಕ್ಷೇತ್ರದಲ್ಲಿ ೩೦೧ ಉಮೇದುವಾರರು ನಿಂತರು. ೧೯೯೬ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ೪೫೬ ಮಂದಿ. ಮತಪತ್ರದಲ್ಲಿ ತನ್ನವನ ಹೆಸರು ಹುಡುಕುವುದೇ ಮತದಾರನಿಗೆ ಪರೀಕ್ಷೆಯಾಯಿತು. ಅದೇ ವರ್ಷ ಕಾನೂನು ಬಿಗಿಯಾಯಿತು. ಠೇವಣಿ ಏರಿತು, ಮನ್ನಣೆ ಪಡೆದ ಪಕ್ಷದವನಿಗೆ ಒಬ್ಬ ಸೂಚಕ ಸಾಕಾದರೆ ಪಕ್ಷೇತರನಿಗೆ ಹತ್ತು ಮಂದಿ ಬೇಕೆಂದಾಯಿತು. ಈಗ ವಿಧಾನಸಭೆಗೆ ಠೇವಣಿ ೧೦ ಸಾವಿರ, ಲೋಕಸಭೆಗೆ ೨೫ ಸಾವಿರ ರೂಪಾಯಿ. ಪರಿಶಿಷ್ಟರಿಗೆ ಅದರ ಅರ್ಧ. ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲು ಬರದಿದ್ದರೆ ಅದು ಸರಕಾರಕ್ಕೆ. ಮತಪಟ್ಟಿಯಲ್ಲಿ ಮನ್ನಣೆಯ ಪಕ್ಷಗಳು ಮೇಲೆ, ನೋಂದಾಯಿತ ಸಣ್ಣ ಪಕ್ಷಗಳು ಅದರ ಕೆಳಗೆ, ಪಕ್ಷೇತರರು ಎಲ್ಲಕ್ಕೂ ಕೆಳಗೆ. ಪೆಟ್ಟಿಗೆಗಳ ಕಾಲದ ಸಮಾನತೆ ಹೀಗೆ ಸ್ವಲ್ಪ ಸ್ವಲ್ಪವಾಗಿ ಕರಗಿತು.

ಗೆದ್ದ ಪಕ್ಷೇತರನ ಪರೀಕ್ಷೆ ಗೆದ್ದ ಮೇಲೆ ಶುರುವಾಗುತ್ತದೆ. ೨೦೦೮ರಲ್ಲಿ ೧೧೦ ಸ್ಥಾನ ಗೆದ್ದ ಬಿಜೆಪಿಗೆ ಬಹುಮತಕ್ಕೆ ಮೂರು ಕಡಿಮೆ ಬಿದ್ದಾಗ ಗೆದ್ದಿದ್ದ ಆರು ಪಕ್ಷೇತರರಲ್ಲಿ ಐವರು ಬೆಂಬಲಕ್ಕೆ ನಿಂತು ಮಂತ್ರಿಗಳಾದರು. ಅವರಲ್ಲೊಬ್ಬರು ಅದೇ ಹೊಸದುರ್ಗದಿಂದ ಬಂದವರು! ೨೦೧೦ರಲ್ಲಿ ಬೆಂಬಲ ಹಿಂತೆಗೆದಾಗ ಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. ಪಕ್ಷೇತರನಾಗಿ ಗೆದ್ದವನು ಆಮೇಲೆ ಪಕ್ಷ ಸೇರಿದರೆ ಸ್ಥಾನ ಹೋಗುತ್ತದೆಂಬುದು ಸಂವಿಧಾನದ ಹತ್ತನೆಯ ಅನುಸೂಚಿಯ ನಿಯಮ. ಸರಕಾರಕ್ಕೆ ಬೆಂಬಲ ಕೊಟ್ಟ ಮಾತ್ರಕ್ಕೆ ಪಕ್ಷ ಸೇರಿದಂತಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ೨೦೧೧ರಲ್ಲಿ ಆ ಆಜ್ಞೆಯನ್ನು ರದ್ದುಮಾಡಿತು. ಕಾನೂನಿನ ಉತ್ತರ ಅಲ್ಲಿಗೆ ಮುಗಿಯಿತು. ಯಾರ ಪಕ್ಷವೂ ಬೇಡವೆಂದು ಮತ ಹಾಕಿದ ಮತದಾರನಿಗೆ ಕೊಡಬೇಕಾದ ಉತ್ತರ ಬೇರೆಯೇ ಇದೆ.

ಇವನ್ನೆಲ್ಲ ಹೇಳಿ ನಾನು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತಿದ್ದೆ. ನಿಮ್ಮ ಕ್ಷೇತ್ರದ ಯಾವುದಾದರೂ ಒಂದು ಹಳೆಯ ಫಲಿತಾಂಶ ತೆಗೆದುಕೊಳ್ಳಿರಿ. ಗೆದ್ದವನನ್ನೂ ಎರಡನೆಯವನನ್ನೂ ಬಿಟ್ಟು ಉಳಿದವರ ಹೆಸರು ಬರೆಯಿರಿ. ಮೊದಲ ಕಾಲಮ್ಮಿನಲ್ಲಿ ಅವರಿಗೆ ಬಿದ್ದ ಮತ, ಎರಡನೆಯದರಲ್ಲಿ ಗೆಲುವಿನ ಅಂತರ, ಮೂರನೆಯದರಲ್ಲಿ ಅವರು ಎತ್ತಿದ ಮಾತು. ಆ ಮಾತು ಹತ್ತು ವರ್ಷದಲ್ಲಿ ಏನಾಯಿತೆಂಬುದನ್ನೂ ಬರೆಯಿರಿ. ಮೊದಲೆರಡು ಕಾಲಮ್ಮು ಅರ್ಧ ಗಂಟೆಯಲ್ಲಿ ತುಂಬುತ್ತವೆ. ಮೂರನೆಯದಕ್ಕೆ ಊರಿಗೆ ಹೋಗಿ ಅಜ್ಜಂದಿರನ್ನು ಕೇಳಬೇಕು. ಅನೇಕರ ಹಾಳೆಯಲ್ಲಿ ಅದು ಖಾಲಿಯೇ ಉಳಿಯುತ್ತಿತ್ತು. ಆ ಉಮೇದುವಾರನಿಗೆ ಹೇಳುವ ಮಾತೇ ಇರಲಿಲ್ಲ. ಕೆಲವರ ಹಾಳೆಯಲ್ಲಿ ಒಂದು ಕೆರೆ, ಒಂದು ರಸ್ತೆ, ನೂಲಿನ ಬೆಲೆ ಇಂಥದೊಂದು ಮಾತು ಬರುತ್ತಿತ್ತು.

ಈ ಕೆಲಸ ಮಾಡಿಬಂದ ಹುಡುಗರಿಗೆ ಇನ್ನೊಂದು ಸಂಗತಿಯೂ ಹೊಳೆಯುತ್ತಿತ್ತು. ಅವರ ಊರ ಗ್ರಾಮ ಪಂಚಾಯತಿಯ ಚುನಾವಣೆಗೆ ಪಕ್ಷದ ಚಿಹ್ನೆಗಳಿಲ್ಲ. ಕಾನೂನಿನ ಕಣ್ಣಿನಲ್ಲಿ ಅಲ್ಲಿ ನಿಲ್ಲುವವರೆಲ್ಲರೂ ಪಕ್ಷೇತರರೇ. ಅಲ್ಲಿ ನಾವು ಮನುಷ್ಯನನ್ನು, ಅವನ ಮಾತನ್ನು, ಅವನ ಕೆಲಸವನ್ನು ನೋಡಿ ಮತ ಹಾಕುವ ಅಭ್ಯಾಸವುಳ್ಳವರು. ಬೆಂಗಳೂರಿಗೂ ದಿಲ್ಲಿಗೂ ಕಳಿಸುವಾಗ ಮಾತ್ರ ಗೆಲ್ಲುವ ಕುದುರೆಯನ್ನು ಹುಡುಕುತ್ತೇವೆ.

ಹಾಗಾದರೆ ಮೊದಲ ಸಲ ಮತ ಹಾಕುವ ಹುಡುಗನಿಗೆ ಏನು ಹೇಳಬೇಕು? ಮೂರನೆಯವನಿಗೆ ಹಾಕು ಎಂದು ಹೇಳುವುದು ಅಧ್ಯಾಪಕನ ಕೆಲಸವಲ್ಲ. ಹಾಕಬೇಡ ಎಂದು ಹೇಳುವುದೂ ಅಲ್ಲ. ಇಬ್ಬರಲ್ಲಿ ಒಬ್ಬನು ಬರುವುದು ನಾಡಿಗೆ ಕೇಡೆಂದು ತೋರಿದರೆ ಅವನನ್ನು ತಡೆಯಬಲ್ಲ ಇನ್ನೊಬ್ಬನಿಗೆ ಹಾಕುವುದು ವಿವೇಕವೇ. ಆದರೆ ಇಬ್ಬರೂ ಆಡದ ಮಾತನ್ನು ಒಬ್ಬನು ಆಡುತ್ತಿದ್ದಾನೆ, ಅದು ಆಡಲೇಬೇಕಾದ ಮಾತು ಎಂದು ಮನಸ್ಸಿಗೆ ಖಚಿತವಾದರೆ ಅವನಿಗೆ ಹಾಕಿದ ಮತ ಕೆಡುವುದಿಲ್ಲ. ಅದರ ಎಣಿಕೆ ಆ ದಿನ ಸಂಜೆಯೇ ಮುಗಿಯುವುದಿಲ್ಲ, ಅಷ್ಟೇ. ಕಾಗೋಡಿನ ಗೇಣಿದಾರನ ಮತವನ್ನು ಎಣಿಸಿ ಮುಗಿಸಲು ಇಪ್ಪತ್ತೆರಡು ವರ್ಷ ಬೇಕಾಯಿತು.